ಇಳಿದ 26 ಕಿಲೋದಲ್ಲಿ 7 ಕಿಲೋ ಸ್ನಾಯುವೇ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ತೂಕ ಇಳಿಸಲು ಸ್ಲೀವ್ ಸರ್ಜರಿ (ಜಠರ ಕತ್ತರಿಸಿ ಚಿಕ್ಕದು ಮಾಡುವುದು) ಮಾಡಿಸಿಕೊಂಡೆ. 118 ಕಿಲೋ ಇದ್ದವಳು ಈಗ 92ಕ್ಕೆ ಬಂದಿದ್ದೇನೆ. ಮೈಯ ಕೊಬ್ಬು ಅಳೆಯುವ ಮಷಿನ್ ಮೇಲೆ ನಿಂತರೆ ಕೊಬ್ಬು 19 ಕಿಲೋ ಇಳಿದಿದೆ, 'ಲೀನ್ ಮಾಸ್' 7 ಕಿಲೋ ಹೋಗಿದೆ ಎಂದು ತೋರಿಸಿತು. ಅಷ್ಟೊಂದು ಸ್ನಾಯು ಕಳೆದುಕೊಂಡೆನಾ? ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ಎರಡು ರಿಪೋರ್ಟ್‌ಗಳನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ಆ 7 ಕಿಲೋ ಏನು ಅಂತ ನೋಡೋಣ. ಲೀನ್ ಮಾಸ್ ಅಂದರೆ ಬರೀ ಸ್ನಾಯು ಅಲ್ಲ. ಕೊಬ್ಬು ಬಿಟ್ಟು ಉಳಿದದ್ದೆಲ್ಲ ಅದರ ಲೆಕ್ಕಕ್ಕೇ ಬರುತ್ತದೆ. ನೀರು, ಲಿವರ್, ಕರುಳು ಎಲ್ಲವೂ. ಊಟ ಕಡಿಮೆಯಾದಾಗ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಮೊದಲು ಕರಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಕೊಬ್ಬು ತುಂಬಿದ ಲಿವರ್ ಕೂಡ ಕುಗ್ಗುತ್ತದೆ. ಅದು ಒಳ್ಳೆಯದೇ.

ಹಾಗಂತ ಸ್ನಾಯು ಹೋಗಿಲ್ಲ ಅಂತ ಹೇಳಲಾರೆ, ಹೋಗಿರುತ್ತದೆ. ಭಾರದ ಮೈ ಹೊರಲು ಬೆಳೆದ ಸ್ನಾಯು, ಹೊರೆ ಇಳಿದ ಮೇಲೆ ಸ್ವಲ್ಪ ಇಳಿಯುವುದು ಸಹಜ. ಈ ಸರ್ಜರಿಯ ನಂತರ ಇಳಿದ ತೂಕದ ಕಾಲು ಭಾಗದ ಆಸುಪಾಸು ಲೀನ್ ಮಾಸ್ ಇರುವುದು ಮಾಮೂಲು. ನಿಮ್ಮದೂ ಅಷ್ಟೇ. ಈ ನಷ್ಟ ಜಾಸ್ತಿ ಆಗುವುದು ಮೊದಲ ಆರು ತಿಂಗಳಲ್ಲಿ. ನಿಮ್ಮ ರಿಪೋರ್ಟ್‌ನಲ್ಲೇ ಇನ್ನೊಂದು ಸಂಗತಿ ಇದೆ: ಆಗ 118ರಲ್ಲಿ 59 ಕಿಲೋ ಕೊಬ್ಬಿತ್ತು, ಅಂದರೆ ಅರ್ಧಕ್ಕರ್ಧ. ಈಗ 92ರಲ್ಲಿ 40. ಶೇ 50 ಇದ್ದದ್ದು 43ರ ಆಸುಪಾಸಿಗೆ ಬಂದಿದೆ, ಅಲ್ವಾ?

ಮಷಿನ್ ಬಗ್ಗೆಯೂ ಒಂದು ಮಾತು. ಅದು ಮೈಯೊಳಗೆ ಸಣ್ಣ ಕರೆಂಟ್ ಹಾಯಿಸಿ ನೀರು ಎಷ್ಟಿದೆ ಅಂತ ಅಂದಾಜು ಮಾಡುತ್ತದೆ, ಅದರಿಂದ ಉಳಿದದ್ದನ್ನು ಲೆಕ್ಕ ಹಾಕುತ್ತದೆ. ನೀರು ಕಡಿಮೆ ಕುಡಿದ ದಿನ ಲೀನ್ ಮಾಸ್ ಸುಮ್ನೆ ಕಡಿಮೆ ತೋರಿಸೀತು. ಸರ್ಜರಿ ಆದವರು ನೀರು ಕುಡಿಯುವುದೇ ಕಡಿಮೆ! ಅದೇ ಮಷಿನ್, ಅದೇ ಹೊತ್ತು, ಎರಡು ಮೂರು ತಿಂಗಳಿಗೊಮ್ಮೆ ಸಾಕು. ವಾರ ವಾರ ನಿಂತು ಕೊರಗಬೇಡಿ.

ಇನ್ನು ಉಳಿಸಿಕೊಳ್ಳುವ ದಾರಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಹೊಟ್ಟೆ ಚಿಕ್ಕದಾಗಿದೆ, ಹಾಗಾಗಿ ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನು ಮೊದಲು ತಿನ್ನಿ. ಆದರೆ ಬರೀ ತಿಂದರೆ ಸ್ನಾಯು ನಿಲ್ಲುವುದಿಲ್ಲ, ಅದಕ್ಕೆ ಕೆಲಸ ಕೊಡಬೇಕು. ನಡಿಗೆಯೊಂದೇ ಸಾಲದು. ಸರ್ಜನ್ ಒಪ್ಪಿದರೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ, ಇಲ್ಲವೇ ರಬ್ಬರ್ ಬ್ಯಾಂಡ್ ಎಳೆಯಿರಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಅಂತ ಬರೆದಿಡಿ. ಮಷಿನ್‌ಗಿಂತ ನಾನು ಈ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ತೊಡೆಯ ಸುಸ್ತಿಗೆ ಸ್ನಾಯುವೊಂದೇ ಕಾರಣ ಇರಲಿಕ್ಕಿಲ್ಲ. ಕಬ್ಬಿಣ, ವಿಟಮಿನ್ ಡಿ, ಬಿ12 ಪರೀಕ್ಷೆ ಮಾಡಿಸಿ. ಪಾದ ಜುಮ್ಮೆನ್ನುವುದು, ನಡೆಯುವಾಗ ವಾಲುವುದು, ಪದೇ ಪದೇ ವಾಂತಿ ಇದ್ದರೆ ಬಿ1 ಕೊರತೆ ಇರಬಹುದು. ಆಗ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.