ಆಕ್ಷೇಪಣೆಯ ಪತ್ರ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಗ್ರಾಹಕರಿಗೆ ಸಂಬಂಧಿಸಿದ ಕರಡು ನಿಯಮವೊಂದು ರಾಜ್ಯಪತ್ರದಲ್ಲಿ ಪ್ರಕಟವಾದಾಗ ನಾವು ನಾಲ್ವರು ಗೆಳೆಯರು ಕುಳಿತು ಓದಿ, ಎರಡು ಪುಟದ ಆಕ್ಷೇಪಣೆ ಕಳುಹಿಸಿದೆವು. ಅಂತಿಮ ಅಧಿಸೂಚನೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಉದ್ಯಮದವರ ಸಂಘ ಕೇಳಿದ್ದೆಲ್ಲ ಅದರಲ್ಲಿತ್ತು. ಜನರ ಅಭಿಪ್ರಾಯ ಕೇಳುವುದು ಬರೀ ಶಾಸ್ತ್ರಕ್ಕೆ ತಾನೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ‘ಬರೀ ಶಾಸ್ತ್ರ’ ಎಂಬ ಮಾತನ್ನು ನಾನು ಒಪ್ಪಲಾರೆ. ನಿವೃತ್ತಿಗೆ ಮುನ್ನ 19 ವರ್ಷ ನಿಯಂತ್ರಣ ಸಂಸ್ಥೆಯೊಂದರ ಕಚೇರಿಯಲ್ಲಿ ಇಂಥ ಪತ್ರಗಳ ಕಟ್ಟು ಬಿಚ್ಚುತ್ತಿದ್ದವನು ನಾನೇ. ಪ್ರತಿ ಪತ್ರವನ್ನೂ ಓದಿ ನಾಲ್ಕು ಅಂಕಣದ ಕೋಷ್ಟಕ ತಯಾರಿಸಬೇಕಿತ್ತು: ಕ್ರಮಸಂಖ್ಯೆ, ಆಕ್ಷೇಪಣೆ, ಕಚೇರಿಯ ಅಭಿಪ್ರಾಯ, ನಿರ್ಣಯ.

ಒಮ್ಮೆ ಬಿಲ್ಲಿನ ತಕರಾರು ಸಲ್ಲಿಸುವ ಅವಧಿಯ ಬಗ್ಗೆ ಕರಡು ಹೊರಟಿತ್ತು. ‘ಬಿಲ್ಲಿನ ದಿನಾಂಕದಿಂದ 15 ದಿನಗಳೊಳಗೆ’ ದೂರು ಕೊಡಬೇಕು ಎಂದು ಅದರಲ್ಲಿತ್ತು. ನಾನೂರಕ್ಕೂ ಹೆಚ್ಚು ಪತ್ರಗಳು ಬಂದವು. ಬಹುಪಾಲು ಒಂದೇ ಅಚ್ಚಿನವು, ಕೆಳಗಿನ ಸಹಿ ಮಾತ್ರ ಬೇರೆ. ಈ ನಿಯಮ ಜನವಿರೋಧಿ, ಕೂಡಲೇ ಹಿಂಪಡೆಯಿರಿ ಎಂಬುದಷ್ಟೇ ಅವುಗಳ ಸಾರ. ಯಾವ ಉಪನಿಯಮ, ಏಕೆ ವಿರೋಧ, ಅದರ ಬದಲು ಏನಿರಬೇಕು ಎಂಬುದು ಒಂದರಲ್ಲೂ ಇರಲಿಲ್ಲ. ಅಷ್ಟನ್ನೂ ಕೋಷ್ಟಕದ ಒಂದೇ ಸಾಲಿಗೆ ಸೇರಿಸಿ, ‘ಸಾಮಾನ್ಯ ವಿರೋಧ, ಗಮನಿಸಲಾಗಿದೆ’ ಎಂದು ಷರಾ ಬರೆದೆ. ಅದನ್ನು ಬರೆಯುವಾಗ ನನಗೆ ಸಂಕಟವಾಗಿತ್ತು, ಈಗಲೂ ಆಗುತ್ತದೆ.

ಆ ಕಟ್ಟಿನಲ್ಲೇ ನಿವೃತ್ತ ಶಿಕ್ಷಕಿಯೊಬ್ಬರ ಅರ್ಧ ಪುಟದ ಪತ್ರವಿತ್ತು. ಅದಕ್ಕೆ ಮೂರು ಖಾಲಿ ಲಕೋಟೆಗಳನ್ನು, ಮೂರು ಬಿಲ್ಲುಗಳ ನಕಲನ್ನು ಪಿನ್ ಮಾಡಿದ್ದರು. ಬಿಲ್ಲಿನ ಮೇಲಿನ ದಿನಾಂಕಕ್ಕೂ ಲಕೋಟೆಯ ಮೇಲಿನ ಅಂಚೆ ಮುದ್ರೆಗೂ ಒಂದರಲ್ಲಿ 11 ದಿನ, ಉಳಿದ ಎರಡರಲ್ಲಿ 12 ದಿನಗಳ ಅಂತರ. ‘ದೂರು ಕೊಡಲು ನನಗೆ ಉಳಿಯುವುದು ಮೂರೋ ನಾಲ್ಕೋ ದಿನ. ಬಿಲ್ಲಿನ ದಿನಾಂಕದಿಂದ ಎಂಬುದನ್ನು ಬಿಲ್ಲು ತಲುಪಿದ ದಿನದಿಂದ ಎಂದು ತಿದ್ದಿ’ ಎಂದು ಬರೆದಿದ್ದರು. ಆ ಸಾಲಿನ ಮುಂದೆ ‘ಗಮನಿಸಲಾಗಿದೆ’ ಎಂದು ಬರೆಯಲು ದಾರಿಯೇ ಇರಲಿಲ್ಲ. ಲಕೋಟೆಗಳು ಕಡತದ ಜೊತೆಗೇ ಮೇಲಿನವರ ಮೇಜಿಗೆ ಹೋದವು. ಅಂತಿಮ ನಿಯಮದಲ್ಲಿ ಆ ಮಾತು ಬದಲಾಯಿತು. ಆದ ಬದಲಾವಣೆ ಅದೊಂದೇ.

ಇನ್ನು ಉದ್ಯಮದವರ ವಿಷಯ. ಅದೇ ಕರಡಿನ 15 ದಿನ ಎಂಬ ಅಂಕಿ ನಮ್ಮ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಕರಡು ಪ್ರಕಟವಾಗುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅವರ ಸಂಘದ ಪ್ರತಿನಿಧಿಗಳು ಬಂದು ಕೊಟ್ಟಿದ್ದ ದಪ್ಪನೆಯ ಮನವಿಯಲ್ಲಿ ಅದು ಇತ್ತು. ಅದರಲ್ಲಿ ಅಂಕಿ ಅಂಶಗಳಿದ್ದವು, ಬೇರೆ ಕಡೆಯ ನಿಯಮಗಳ ಹೋಲಿಕೆಯಿತ್ತು, ನಿಯಮದ ಒಕ್ಕಣೆಯೂ ಸಿದ್ಧವಿತ್ತು. ಹಣ ಕೈಬದಲಾಗಿರಬೇಕು ಎಂದು ಓದುಗರು ಊಹಿಸಬಹುದು. ನಾನು ಕಂಡದ್ದು ಅದಲ್ಲ. ನಮ್ಮಲ್ಲಿ ಇಬ್ಬರೇ ಸಿಬ್ಬಂದಿ. ವಿಷಯದ ಲೆಕ್ಕಪತ್ರವೆಲ್ಲ ಇದ್ದದ್ದು ಉದ್ಯಮದವರ ಬಳಿ. ಯಾರನ್ನು ನಿಯಂತ್ರಿಸಬೇಕೋ ಅವರನ್ನೇ ಕೇಳಿ ತಿಳಿದುಕೊಳ್ಳಬೇಕಾದ ಸ್ಥಿತಿ. ದಿನವೂ ಅವರ ಮಾತನ್ನೇ ಕೇಳುತ್ತಿದ್ದರೆ ಅವರ ಕಷ್ಟ ನಮ್ಮ ಕಷ್ಟದಂತೆ ಕಾಣತೊಡಗುತ್ತದೆ. ಲಂಚಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದು, ಏಕೆಂದರೆ ಇದರಲ್ಲಿ ಯಾರಿಗೂ ತಾವು ತಪ್ಪು ಮಾಡುತ್ತಿದ್ದೇವೆ ಎನಿಸುವುದಿಲ್ಲ.

ಜನರು ಆ ಹೊತ್ತಿಗೆ ಏಕೆ ಬರುವುದಿಲ್ಲ? ನಿಯಮವೊಂದರಿಂದ ಬೆರಳೆಣಿಕೆಯ ಸಂಸ್ಥೆಗಳಿಗೆ ಆಗುವ ಲಾಭ ಭಾರಿ. ಲಕ್ಷಾಂತರ ಜನರಿಗೆ ಆಗುವ ನಷ್ಟ ಒಬ್ಬೊಬ್ಬರಿಗೂ ಚಿಲ್ಲರೆಯಷ್ಟು. ಕರಡು ಓದುವುದಕ್ಕೆಂದೇ ಆ ಸಂಸ್ಥೆಗಳು ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿರುತ್ತವೆ. ನೀವು ನಾಲ್ವರು ನಿಮ್ಮ ರಜಾದಿನವನ್ನು ಕೊಟ್ಟಿರಿ.

ಕಾನೂನಿನಲ್ಲೂ ಒಂದು ದೊಡ್ಡ ಸಂದಿಯಿದೆ. ನಮ್ಮ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಪ್ರಕರಣದ ಪ್ರಕಾರ, ಪೂರ್ವಪ್ರಕಟಣೆ ಕಡ್ಡಾಯವಿರುವ ನಿಯಮಗಳ ಕರಡನ್ನು ಪ್ರಕಟಿಸಿ, ಗಡುವಿನೊಳಗೆ ಬಂದ ಆಕ್ಷೇಪಣೆಗಳನ್ನು ‘ಪರಿಗಣಿಸಬೇಕು’. ಹೇಗೆ ಪರಿಗಣಿಸಿದೆವು ಎಂದು ಹೇಳಬೇಕೆಂದು ಅಲ್ಲಿಲ್ಲ. ಕೇಂದ್ರ ಸರ್ಕಾರ 2014ರಲ್ಲಿ ತಂದ ಶಾಸನಪೂರ್ವ ಸಮಾಲೋಚನಾ ನೀತಿ ಕನಿಷ್ಠ 30 ದಿನ ಕಾಲಾವಕಾಶ ಕೊಡಬೇಕೆನ್ನುತ್ತದೆ, ಆದರೆ ಅದು ನೀತಿಯೇ ಹೊರತು ಕಾಯಿದೆಯಲ್ಲ. ಅಮೆರಿಕದ 1946ರ ಆಡಳಿತ ಕಾರ್ಯವಿಧಾನ ಕಾಯಿದೆಯಡಿ ಅಂತಿಮ ನಿಯಮದ ಜೊತೆ ಅದರ ಆಧಾರವನ್ನೂ ಉದ್ದೇಶವನ್ನೂ ಹೇಳಬೇಕು. ಮುಖ್ಯವಾದ ಆಕ್ಷೇಪಣೆಗೆ ಉತ್ತರಿಸದಿದ್ದರೆ ಅಲ್ಲಿನ ನ್ಯಾಯಾಲಯ ನಿಯಮವನ್ನೇ ತಳ್ಳಿಹಾಕಬಹುದು. ಫೋನ್ ಕರೆ ಕಡಿತಕ್ಕೆ ಪರಿಹಾರ ಕೊಡಬೇಕೆಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವನ್ನು 2016ರ ಮೇ ತಿಂಗಳಲ್ಲಿ ರದ್ದುಪಡಿಸಿದಾಗ ನಮ್ಮ ಸುಪ್ರೀಂ ಕೋರ್ಟ್, ಅಮೆರಿಕದ ಮಾದರಿಯ ಕಾಯಿದೆಯೊಂದನ್ನು ತರುವಂತೆ ಸಂಸತ್ತನ್ನು ಒತ್ತಾಯಿಸಿತ್ತು. ನಮಗೆ ಬೇಕಾದದ್ದು ಅದೇ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕು ಕಾಯಿದೆ. ನಿಮ್ಮ ಆಕ್ಷೇಪಣೆಯ ಮುಂದೆ ಕಚೇರಿ ಬರೆದ ಅಭಿಪ್ರಾಯದ ನಕಲನ್ನೂ ಉದ್ಯಮ ಸಂಘದ ಮನವಿಯ ನಕಲನ್ನೂ ಕೇಳಿ. ಕೊಟ್ಟರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ಮುಂದಿನ ತಿದ್ದುಪಡಿಯ ಸುಳಿವು ಸಿಕ್ಕ ದಿನವೇ ಬರೆಯಿರಿ. ಕರಡು ಬರಲೆಂದು ಕಾಯಬೇಡಿ.

ಪ್ರಶ್ನೆ: ಒಂದೇ ಒಕ್ಕಣೆಯ ಇಮೇಲನ್ನು ಸಾವಿರಾರು ಜನರಿಂದ ಕಳುಹಿಸಿದರೆ ಸರ್ಕಾರ ಮಣಿಯುವುದಿಲ್ಲವೇ?

ಉತ್ತರ: ಸಂಖ್ಯೆ ಬಾಗಿಲು ತಟ್ಟುತ್ತದೆ, ಅಷ್ಟೇ. ಅಂತರ್ಜಾಲ ತಟಸ್ಥತೆಯ, ಅಂದರೆ ಇಂಟರ್ನೆಟ್ ಒದಗಿಸುವ ಕಂಪನಿಗಳು ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂಬ ತತ್ವದ ಚರ್ಚೆಯಲ್ಲಿ 2015ರಲ್ಲಿ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಬಂದವು. ವಿಷಯ ದೇಶದ ಗಮನಕ್ಕೆ ಬಂದದ್ದು ಅದರಿಂದಲೇ, ನಿಜ. ಆದರೆ ಮುಂದಿನ ಸುತ್ತಿನಲ್ಲಿ ಫೇಸ್‌ಬುಕ್ ತನ್ನ ಬಳಕೆದಾರರಿಂದ ಕಳುಹಿಸಿದ ಸಿದ್ಧ ಒಕ್ಕಣೆಯ ಪತ್ರಗಳು, ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನೇ ಕೊಟ್ಟಿಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ, ಯಾವ ತಾಣ ನೋಡುತ್ತೇವೆ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಅಂದರೆ ಆ ಕಂಪನಿ ಬಯಸಿದ್ದಕ್ಕೆ ತದ್ವಿರುದ್ಧ.

ಇದೇ ವಿಷಯದಲ್ಲಿ ಅಮೆರಿಕದ ಸಂವಹನ ಆಯೋಗಕ್ಕೆ 2017ರಲ್ಲಿ 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ಮಾಡಿತು. 85 ಲಕ್ಷಕ್ಕೂ ಹೆಚ್ಚು ನಕಲಿ ಪತ್ರಗಳ ಹಿಂದೆ ಇದ್ದದ್ದು ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣ. ಆ ಕಂಪನಿಗಳ ಎದುರು ಪಕ್ಷದ ಪರವಾಗಿ 77 ಲಕ್ಷ ಪತ್ರಗಳನ್ನು ಕಾಲೇಜು ವಿದ್ಯಾರ್ಥಿಯೊಬ್ಬನೇ ತಂತ್ರಾಂಶದಿಂದ ಸೃಷ್ಟಿಸಿದ್ದ. ಹೆಸರು ದುರ್ಬಳಕೆಯಾದವರಿಗೆ ಅದರ ಅರಿವೇ ಇರಲಿಲ್ಲ. ನಿಜವಾಗಿ ಕುಳಿತು ಬರೆದವರ ಪತ್ರಗಳು ಆ ರಾಶಿಯಲ್ಲಿ ಹೂತುಹೋದವಲ್ಲ, ಅದನ್ನು ನೆನೆದರೆ ನನಗೆ ತಡೆಯಲಾಗದ ಕೋಪ ಬರುತ್ತದೆ. ಸಾವಿರ ಇಮೇಲ್ ಕಳುಹಿಸುವ ಶಕ್ತಿ ನಿಮಗಿದ್ದರೆ, ಅದರ ಬದಲು ಹತ್ತು ಜನರಿಂದ ಅವರವರ ಲಕೋಟೆಗಳನ್ನು ಕಳುಹಿಸಿ.

ಪ್ರಶ್ನೆ: ಹಿತಾಸಕ್ತಿ ಗುಂಪುಗಳು ಕಚೇರಿಯ ಮೆಟ್ಟಿಲು ಹತ್ತುವುದನ್ನೇ ನಿಷೇಧಿಸಬಾರದೇಕೆ?

ಉತ್ತರ: ರೋಗಿಗಳ ಸಂಘವೂ ಕಾರ್ಮಿಕರ ಒಕ್ಕೂಟವೂ ಹಿತಾಸಕ್ತಿ ಗುಂಪುಗಳೇ. ಅವರನ್ನು ತಡೆದು ಏನು ಸಾಧಿಸಿದಂತಾಯಿತು? ಬರಲಿ, ಯಾರು ಬಂದರು, ಏನು ಕೇಳಿದರು ಎಂಬುದು ಎಲ್ಲರಿಗೂ ಕಾಣುವಂತೆ ದಾಖಲಾಗಲಿ. ಯುರೋಪಿಯನ್ ಒಕ್ಕೂಟದಲ್ಲಿ ಇಂಥವರಿಗಾಗಿ 2011ರಿಂದ ಪಾರದರ್ಶಕತಾ ನೋಂದಣಿ ಪುಸ್ತಕವಿದೆ. ಅಲ್ಲಿನ ಆಯುಕ್ತರು 2014ರ ಡಿಸೆಂಬರಿನಿಂದ ತಮ್ಮನ್ನು ಕಂಡ ಲಾಬಿಗಾರರ ಭೇಟಿಯ ವಿವರ ಪ್ರಕಟಿಸುತ್ತಾರೆ. ನಾನಿದ್ದ ಕಚೇರಿಯಲ್ಲಿ ಸಂದರ್ಶಕರ ಪುಸ್ತಕವೊಂದು ಇತ್ತು. ಅದು ಇರುತ್ತಿದ್ದುದು ಕಾವಲುಗಾರನ ಮೇಜಿನ ಮೇಲೆ. ಕರಡಿನ ಕಡತಕ್ಕೆ ಅದರ ಒಂದು ಹಾಳೆಯೂ ಸೇರಿದ್ದನ್ನು ನಾನು ಕಾಣಲಿಲ್ಲ.