ಸೊಂಟನೋವಿನ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡ ಮಾಡಿ ನೇರವಾಗಿ ಥೀಸಿಸ್‌ಗೆ ಬಳಸಬಹುದಾ?

ಇಂಗ್ಲಿಷ್ ಚೆನ್ನಾಗಿ ಬರುವ ಗೆಳತಿಯಿಂದ, ಸೊಂಟನೋವು ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಅಂತ ಅಳೆಯುವ ಓಸ್ವೆಸ್ಟ್ರಿ ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಸಿ, ನಾಳೆಯಿಂದಲೇ ರೋಗಿಗಳಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಬೇಡ. ನಾನು ಫಿಸಿಯೋಥೆರಪಿಸ್ಟ್, ಇಂಥ ಕೆಲಸದಲ್ಲಿ ಕೈಯಾಡಿಸಿದವನು. ನಿಮ್ಮ ಗೆಳತಿಯ ಕನ್ನಡ ಎಷ್ಟೇ ಚೆನ್ನಾಗಿರಲಿ, ಆ ಪ್ರಶ್ನೆಗಳಲ್ಲಿರುವುದು ಇಂಗ್ಲೆಂಡಿನ ಮನೆ. ತೊಡಕು ಇರೋದೇ ಅಲ್ಲಿ.

1980ರಲ್ಲಿ ಬಂದ ಈ ಪ್ರಶ್ನಾವಳಿಯಲ್ಲಿ ಹತ್ತು ಭಾಗ, ಒಂದೊಂದರಲ್ಲೂ ಆರು ವಾಕ್ಯ, 0ಯಿಂದ 5ರವರೆಗೆ ಅಂಕ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೂರುವ ಭಾಗ ತೆಗೆದು ನೋಡಿ. ಯಾವ ಕುರ್ಚಿಯಲ್ಲಾದರೂ ಎಷ್ಟು ಹೊತ್ತಾದರೂ ಕೂರುತ್ತೇನೆ ಅಂದರೆ 0. ನೆಲದ ಮೇಲೆ ಕೂತು ಉಣ್ಣುವ, ದಿನವಿಡೀ ಕುಕ್ಕರಗಾಲಲ್ಲಿ ಕಳೆ ಕೀಳುವ ಹೆಂಗಸನ್ನು ಕೇಳಿ. ‘ಕುರ್ಚಿ ಕೊಟ್ರೆ ಆರಾಮಾಗಿ ಕೂರ್ತೀನಪ್ಪ’ ಅನ್ನುತ್ತಾರೆ. ನೆಲದಿಂದ ಏಳುವಾಗ ಗೋಡೆ ಹಿಡಿದು ನರಳುವುದು ಲೆಕ್ಕಕ್ಕೇ ಬರಲಿಲ್ಲ. ಮೊಣಕಾಲಿನ ವೊಮ್ಯಾಕ್ ಪ್ರಶ್ನಾವಳಿಯೂ ಹೀಗೇ. ಕಾರು ಹತ್ತಿ ಇಳಿಯುವುದು, ಸಾಕ್ಸ್ ಹಾಕುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಅದರಲ್ಲಿವೆ. ಕಕ್ಕಸಿನಲ್ಲಿ ಕೂತು ಏಳುವ ಪ್ರಶ್ನೆಯೂ ಇದೆ, ಆದರೆ ಯಾವ ಥರದ ಕಕ್ಕಸು ಅಂತಿಲ್ಲ!

ಹಾಗಂತ ಮನಸ್ಸಿಗೆ ಬಂದಂತೆ ಬದಲಾಯಿಸಲೂ ಆಗದು. ಜಾಸ್ತಿ ಬದಲಾಯಿಸಿದರೆ ನಿಮ್ಮ ಅಂಕವನ್ನು ಬೇರೆ ದೇಶದ ಅಂಕದ ಪಕ್ಕ ಇಡೋಕಾಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಉದಾಹರಣೆಗಳನ್ನು ಮಾತ್ರ ನಮ್ಮವು ಮಾಡಿ. ಬೆನ್ನಿಗೆ ಬೀಳುವ ಶ್ರಮ ಅಷ್ಟೇ ಇರಲಿ. ಕುಕ್ಕರಗಾಲು, ಚಕ್ಕಳಮಕ್ಕಳದ ಪ್ರಶ್ನೆಗಳನ್ನು ಬೇರೆಯಾಗಿ ಕೇಳಿ, ಒಟ್ಟು ಅಂಕಕ್ಕೆ ಸೇರಿಸಬೇಡಿ.

ಓಸ್ವೆಸ್ಟ್ರಿಯ ಲೈಂಗಿಕ ಜೀವನದ ಭಾಗವನ್ನು ತೆಗೆದುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಕಿತ್ತುಹಾಕಬೇಡಿ. ರೋಗಿ ಉತ್ತರಿಸದಿದ್ದರೆ ಉಳಿದ ಒಂಬತ್ತು ಭಾಗಗಳನ್ನು 50ರ ಬದಲು 45ಕ್ಕೆ ಲೆಕ್ಕ ಹಾಕಲು ಮೂಲದಲ್ಲೇ ಅವಕಾಶವಿದೆ. 2001ರ ಒಂದು ಅಮೆರಿಕನ್ ರೂಪದಲ್ಲಿ ಈ ಭಾಗದ ಜಾಗಕ್ಕೆ ಉದ್ಯೋಗ, ಮನೆಕೆಲಸ ಬಂದಿದೆ, ಅದನ್ನೂ ನೋಡಿ. ಆದರೆ ಪಕ್ಕದಲ್ಲಿ ಮಗನನ್ನು ಕೂರಿಸಿಕೊಂಡು ಅಮ್ಮನಿಗೆ ಈ ಪ್ರಶ್ನೆ ಓದಿ ಹೇಳಿದರೆ ಯಾರು ತಾನೇ ಬಾಯಿ ಬಿಡುತ್ತಾರೆ? ಮನೆಯವರನ್ನು ಹೊರಗೆ ಕೂರಿಸಿ, ಹೆಂಗಸರನ್ನು ಹೆಂಗಸರೇ ಕೇಳಲಿ. ಅಂದಹಾಗೆ, ಮಗ ಪಕ್ಕದಲ್ಲಿದ್ದರೆ ಉಳಿದ ಪ್ರಶ್ನೆಗಳಿಗೂ ಅವನೇ ಉತ್ತರ ಕೊಡುತ್ತಾನೆ.

ನೋವಿಗೆ 0ಯಿಂದ 10ರೊಳಗೆ ಅಂಕ ಕೇಳುವಾಗಲೂ ಹುಷಾರು. ‘ರೂಪಾಯಿಗೆ ಎಂಟಾಣೆ ವಾಸಿ’ ಅನ್ನುವ ಹಿರಿಯರು ಹೇಳುತ್ತಿರುವುದು ಎಷ್ಟು ಇಳಿದಿದೆ ಅಂತ. ನಿಮಗೆ ಬೇಕಿರುವುದು ಈಗ ಎಷ್ಟಿದೆ ಅಂತ. ಅದನ್ನು 5 ಅಂತ ಬರೆದುಕೊಂಡರೆ ಕೆಟ್ಟಿತು. ಸೊಂಟನೋವಿನದೇ ಇನ್ನೊಂದು ಪ್ರಶ್ನಾವಳಿ ರೋಲಂಡ್-ಮೋರಿಸ್‌ನ 24 ವಾಕ್ಯಗಳು ಇವತ್ತಿನ ದಿನಕ್ಕೆ ಮಾತ್ರ. ನಮ್ಮವರು ಮೊನ್ನೆ ಎದ್ದೇಳೋಕೇ ಆಗದಿದ್ದ ಕಥೆ ಹೇಳುತ್ತಾರೆ. ಓದಿ ಹೇಳುವವರು ಪ್ರತಿ ಸಲ ‘ಇವತ್ತು’ ಅಂತ ಒತ್ತಿ ಹೇಳಬೇಕು.

ಕ್ರಮ ಗೊತ್ತಿರಲಿ. 2000ದಲ್ಲಿ ಬೀಟನ್ ಮತ್ತಿತರ ಸಂಶೋಧಕರು ಪ್ರಶ್ನಾವಳಿ ಅನುವಾದಕ್ಕೆ ಕೊಟ್ಟ ದಾರಿಯನ್ನೇ ಬಹಳ ಜನ ಹಿಡಿಯುತ್ತಾರೆ. ಇಬ್ಬರು ಬೇರೆಬೇರೆಯಾಗಿ ಕನ್ನಡ ಮಾಡಬೇಕು, ಒಬ್ಬರಿಗೆ ವೈದ್ಯಕೀಯ ಗೊತ್ತಿರಬಾರದು. ಎರಡನ್ನೂ ಸೇರಿಸಿ ಒಂದು ಮಾಡಿ, ಮೂಲ ನೋಡದ ಇಬ್ಬರಿಂದ ಮರಳಿ ಇಂಗ್ಲಿಷಿಗೆ ತರಿಸಬೇಕು. ತಜ್ಞರ ಸಮಿತಿ ಎಲ್ಲವನ್ನೂ ನೋಡಿದ ಮೇಲೆ 30ರಿಂದ 40 ರೋಗಿಗಳ ಮೇಲೆ ಪ್ರಯೋಗ. ನನ್ನ ಪ್ರಕಾರ ಈ ಕೊನೆಯದೇ ಜೀವಾಳ. ಮರುಅನುವಾದ ಸರಿಬಂದರೂ ಕುರ್ಚಿಯ ಸಮಸ್ಯೆ ಅದರಲ್ಲಿ ಕಾಣುವುದೇ ಇಲ್ಲ, ಅಲ್ವಾ? ಉತ್ತರ ಬರೆದುಕೊಂಡು ಮುಂದೆ ಹೋಗಬೇಡಿ. ‘ಇದನ್ನ ಕೇಳಿದಾಗ ಏನು ನೆನಪಾಯ್ತು?’ ಅಂತ ಒಂದೊಂದಕ್ಕೂ ಕೇಳಿ. ಮೈಸೂರು ಕಡೆಯವರನ್ನಷ್ಟೇ ಹಿಡಿಯಬೇಡಿ, ಸೊಂಟಕ್ಕೆ ಟೊಂಕ ಅನ್ನುವ ಉತ್ತರ ಕರ್ನಾಟಕದವರೂ ಇರಲಿ. ಜೊತೆಗೆ ಬೆನ್ನಿನ ಚಿತ್ರವೊಂದನ್ನು ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಇದೆಲ್ಲಕ್ಕೂ ಮೊದಲು, ಓಸ್ವೆಸ್ಟ್ರಿಗೆ, ಇಂಥ ಪ್ರಶ್ನಾವಳಿಗಳ ಅನುಮತಿ ನೋಡಿಕೊಳ್ಳುವ ಫ್ರಾನ್ಸಿನ ಸಂಸ್ಥೆ ಮಾಪಿ ರಿಸರ್ಚ್ ಟ್ರಸ್ಟ್ ಮೂಲಕ ಅನುಮತಿ ತಗೊಳ್ಳಬೇಕು. ಕನ್ನಡ ರೂಪ ಆಗಲೇ ಇದೆಯಾ ಅಂತಲೂ ಅವರನ್ನೇ ವಿಚಾರಿಸಿ. ಇದ್ದರೆ ಅದನ್ನೇ ಬಳಸಿ, ನಿಮ್ಮ ಸಮಯವನ್ನು ರೋಗಿಗಳ ಜೊತೆ ಕೂತು ಕೇಳುವುದಕ್ಕೆ ಇಟ್ಟುಕೊಳ್ಳಿ.