ಸೂಜಿ ಟೆಸ್ಟ್ ರಿಪೋರ್ಟ್‌ನಲ್ಲಿ ‘ಬೆಥೆಸ್ಡಾ 1’ ಬಂದರೆ ಮತ್ತೆ ಚುಚ್ಚಿಸಬೇಕಾ?

ಸಿಂಧನೂರಿನಿಂದ ಕೇಳಿದ್ದೀರಿ: ತಾಯಿಯವರ ಥೈರಾಯ್ಡ್ ಗಂಟಿಗೆ ರಾಯಚೂರಿನಲ್ಲಿ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕಣ ತೆಗೆದು ನೋಡುವ ಟೆಸ್ಟ್) ಆಗಿದೆ, ರಿಪೋರ್ಟ್‌ನಲ್ಲಿ ‘ಬೆಥೆಸ್ಡಾ 1’ (ಇಂಥ ರಿಪೋರ್ಟನ್ನು 1ರಿಂದ 6ರವರೆಗೆ ವಿಂಗಡಿಸುವ ಪದ್ಧತಿ ಬೆಥೆಸ್ಡಾ) ಅಂತಿದೆ, ಮತ್ತೆ ಚುಚ್ಚಿದರೆ ಗಂಟು ಹರಡೀತು ಅನ್ನೋ ಭಯ. ತೆಗೆದ ಕಣಗಳನ್ನು ಹರಡಿದ ಇಂಥ ಗಾಜಿನ ಸ್ಲೈಡ್ ನೋಡೋದೇ ನನ್ನ ಕೆಲಸ. ಮತ್ತೆ ಮಾಡಿಸಿ. ಈ ಸಣ್ಣ ಸೂಜಿಯಿಂದ ಥೈರಾಯ್ಡ್ ಕ್ಯಾನ್ಸರ್ ಹರಡೋದು ತೀರಾ ಅಪರೂಪ. ಆ ಭಯಕ್ಕೆ ಟೆಸ್ಟ್ ಬಿಡಬೇಡಿ.

ಬೆಥೆಸ್ಡಾ 1 ಅಂದರೆ ಕ್ಯಾನ್ಸರ್ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಹೇಳೋಕೆ ಸಾಕಷ್ಟು ಕಣಗಳು ಸಿಕ್ಕಿಲ್ಲ, ಅಷ್ಟೇ. ತಲಾ 10 ಕಣಗಳಿರುವ ಕನಿಷ್ಠ 6 ಗುಂಪು ಸ್ಲೈಡಿನಲ್ಲಿ ಸ್ಪಷ್ಟವಾಗಿ ಕಾಣಬೇಕು ಅನ್ನೋದು ಸಾಮಾನ್ಯ ಲೆಕ್ಕ. ‘ಏನೂ ಇಲ್ಲ ಅಂತ ಬಂತು’ ಅಂದುಕೊಂಡು ಸುಮ್ಮನಾಗೋದೇ ಇಲ್ಲಿ ಅಪಾಯ. ಏನೂ ಇಲ್ಲ ಅನ್ನೋದಕ್ಕೆ ಹತ್ತಿರದ್ದು ಬೆಥೆಸ್ಡಾ 2.

ಕಣ ಯಾಕೆ ಸಿಗಲ್ಲ? ಥೈರಾಯ್ಡ್‌ನಲ್ಲಿ ರಕ್ತನಾಳ ಜಾಸ್ತಿ. ಸಿರಿಂಜ್ ಜೋರಾಗಿ ಎಳೆದರೆ, ಸೂಜಿ ಹೆಚ್ಚು ಹೊತ್ತು ಒಳಗಿಟ್ಟರೆ ಬರೀ ರಕ್ತ ಬರುತ್ತದೆ. ಅದಕ್ಕೇ 25 ಗೇಜ್ ಅನ್ನೋ ತೆಳು ಸೂಜಿ ಹಾಕಿ, ಎಳೆಯದೆ, ಕೆಲವೇ ಸೆಕೆಂಡು ಹಿಂದೆ ಮುಂದೆ ಆಡಿಸಿ ತೆಗೆಯುವ ವಿಧಾನ ಹಲವು ಸಲ ಒಳ್ಳೆಯ ಮಾದರಿ ಕೊಡುತ್ತದೆ. ಗಂಟಿನಲ್ಲಿ ನೀರು ತುಂಬಿದ್ದರೆ ನೀರು ತೆಗೆದ ಮೇಲೆ ಉಳಿದ ಗಟ್ಟಿ ಭಾಗಕ್ಕೆ ಮತ್ತೆ ಚುಚ್ಚಬೇಕು. ಇನ್ನೊಂದು ತೊಂದರೆ ಸ್ಲೈಡ್ ಮಾಡುವಾಗಿನದು. ಕಣಗಳು ಕಾಣಲು ಸ್ಲೈಡಿಗೆ ಬಣ್ಣ ಹಾಕುತ್ತಾರೆ. ಪ್ಯಾಪ್ ಅನ್ನೋ ಬಣ್ಣಕ್ಕೆ ಇಡುವ ಸ್ಲೈಡ್ ಹರಡಿದ ತಕ್ಷಣ 95% ಆಲ್ಕೋಹಾಲಿಗೆ ಬೀಳಬೇಕು. ನಮ್ಮ ಕಡೆ ಬೇಸಿಗೆಯಲ್ಲಿ, ಅದೂ ಫ್ಯಾನಿನ ಕೆಳಗೆ, ಕಣ್ಣೆದುರೇ ಒಣಗಿಬಿಡುತ್ತದೆ. ಆಮೇಲೆ ಕಣದ ಬೀಜ (ನ್ಯೂಕ್ಲಿಯಸ್) ಉಬ್ಬಿ ಮಸುಕಾಗಿ ಕಾಣುತ್ತದೆ. ಜೀಮ್ಸಾ ಅನ್ನೋ ಇನ್ನೊಂದು ಬಣ್ಣದ್ದನ್ನು ಮಾತ್ರ ಬೇಕೆಂದೇ ಒಣಗಿಸುತ್ತಾರೆ.

ಈ ಸಲ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ನೋಡುತ್ತಾ ಚುಚ್ಚುವ ಕಡೆ ಮಾಡಿಸಿ, ಇದು ಮುಖ್ಯ. ಹಳೇ ರಿಪೋರ್ಟ್, ಸ್ಕ್ಯಾನ್ ಎರಡೂ ಒಯ್ಯಿರಿ. ಸ್ಟೆಂಟ್ ಹಾಕಿಸಿಕೊಂಡವರಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಸೂಜಿ ಒಳಗಿರುವಾಗ ಉಗುಳು ನುಂಗಬಾರದು, ಮಾತಾಡಬಾರದು, ಕೆಮ್ಮಬಾರದು. ಎರಡರಿಂದ ಐದು ಸಲ ಚುಚ್ಚಬಹುದು, ಅದರಲ್ಲಿ ಗಾಬರಿಯಿಲ್ಲ. ಮುಗಿದ ಮೇಲೆ 5ರಿಂದ 10 ನಿಮಿಷ ಹತ್ತಿ ಒತ್ತಿ ಹಿಡಿಯಿರಿ. ಕುತ್ತಿಗೆ ಬೇಗ ಬೇಗ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಡ ಮಾಡದೆ ತುರ್ತು ವಿಭಾಗಕ್ಕೆ ಹೋಗಿ.

ಮುಂದಿನ ರಿಪೋರ್ಟ್‌ನಲ್ಲಿ ಬೆಥೆಸ್ಡಾ 4 (ಕ್ಯಾನ್ಸರ್ ಇರಲೂಬಹುದು ಅನ್ನೋ ಅನುಮಾನದ ಗಂಟು) ಬಂದರೆ, ‘ಕ್ಯಾನ್ಸರ್ ಹೌದಾ ಅಲ್ಲವಾ ಹೇಳಿ’ ಅಂತ ಡಾಕ್ಟರನ್ನು ಒತ್ತಾಯಿಸಬೇಡಿ. ಗಂಟಿನ ಹೊರಕವಚವನ್ನು ಕಣಗಳು ದಾಟಿವೆಯೇ ಅನ್ನೋದು ಸೂಜಿಯಲ್ಲಿ ಕಾಣುವುದಿಲ್ಲ. ಆಪರೇಷನ್ ಮಾಡಿ ತೆಗೆದ ಗಂಟನ್ನು ಸೀಳಿ ನೋಡಿದರೇ ಗೊತ್ತಾಗುವುದು. ಬಳ್ಳಾರಿಗೋ ಬೆಂಗಳೂರಿಗೋ ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ರಿಪೋರ್ಟ್ ಮಾತ್ರ ಒಯ್ಯಬೇಡಿ, ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡ್‌ಗಳನ್ನೇ ಕೇಳಿ ತೆಗೆದುಕೊಂಡು ಹೋಗಿ.